ಸಿಡಿಲಿಗೆ ದಾರಿ ತೋರಿದ ಫ್ರಾಂಕ್ಲಿನ್

ಎತ್ತರದ ಕಟ್ಟಡಗಳ ನೆತ್ತಿಯನ್ನು ನೀವು ಎಂದಾದರೂ ಗಮನಿಸಿದ್ದೀರಾ? ಕೆಲವುಗಳ ಮೇಲೆ ಲೋಹದ ಕಡ್ಡಿಯೊಂದು ನಿಂತಿರುತ್ತದೆ. ಅದಕ್ಕೆ ಸೇರಿಸಿದ ಪಟ್ಟಿಯು ಗೋಡೆಯ ಗುಂಟ ಇಳಿದು ಮಣ್ಣಿನಲ್ಲಿ ಮರೆಯಾಗುತ್ತದೆ. ಇದೇ ಮಿಂಚುವಾಹಕ. ಇದನ್ನು ಜಗತ್ತಿಗೆ ಕೊಟ್ಟವನು ಬೆಂಜಮಿನ್ ಫ್ರಾಂಕ್ಲಿನ್.

ಫ್ರಾಂಕ್ಲಿನ್ 1706ರ ಜನವರಿ 17ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಹುಟ್ಟಿದನು. ತಂದೆ ಮೇಣದಬತ್ತಿ, ಸಾಬೂನು ತಯಾರಿಸುತ್ತಿದ್ದನು. ಹದಿನೇಳು ಮಕ್ಕಳ ಸಂಸಾರ ಅದು. ಹತ್ತನೆಯ ವಯಸ್ಸಿಗೇ ಬೆಂಜಮಿನ್‌ನ ಶಾಲೆ ನಿಂತಿತು. ಹನ್ನೆರಡರಲ್ಲಿ ಅಣ್ಣನ ಮುದ್ರಣಾಲಯ ಸೇರಿದನು. ಮುಂದೆ ಫಿಲಡೆಲ್ಫಿಯದಲ್ಲಿ ಸ್ವಂತ ಮುದ್ರಣಾಲಯ ನಡೆಸಿ ಹಣ ಗಳಿಸಿದನು. ನಲವತ್ತರ ಸುಮಾರಿಗೆ ಅವನ ಮನಸ್ಸು ವಿದ್ಯುತ್ತಿನ ಕಡೆಗೆ ತಿರುಗಿತು.

ಮಿಂಚು ವಿದ್ಯುತ್ತೇ ಇರಬೇಕೆಂದು ಅವನು ಊಹಿಸಿದನು. 1752ರಲ್ಲಿ ಗುಡುಗಿನ ಮೋಡದ ಕೆಳಗೆ ರೇಷ್ಮೆಯ ಗಾಳಿಪಟ ಹಾರಿಸಿದನು. ಅದರ ದಾರದ ತುದಿಗೆ ಕೀಲಿಕೈ ಕಟ್ಟಿದ್ದನು. ಕೀಲಿಕೈಯ ಹತ್ತಿರ ಬೆರಳು ತಂದಾಗ ಕಿಡಿ ಹಾರಿತು! ಗಾಳಿಪಟಕ್ಕೆ ಸಿಡಿಲೇ ಬಡಿದಿದ್ದರೆ ಅವನು ಬದುಕುತ್ತಿರಲಿಲ್ಲ. ಮರುವರ್ಷ ರಷ್ಯದಲ್ಲಿ ಇಂಥದೇ ಪ್ರಯೋಗದಲ್ಲಿ ತೊಡಗಿದ್ದ ರಿಕ್ಮನ್ ಎಂಬ ವಿಜ್ಞಾನಿ ಸತ್ತುಹೋದನು. ನೀವು ಇದನ್ನು ಎಂದಿಗೂ ಮಾಡಿ ನೋಡಬಾರದು.

1753ರ ತನ್ನ ಪಂಚಾಂಗದಲ್ಲಿ ಫ್ರಾಂಕ್ಲಿನ್ ಮನೆಗಳನ್ನು ಕಾಯುವ ಬಗೆಯನ್ನು ಅಚ್ಚು ಹಾಕಿದನು. ಕಬ್ಬಿಣದ ಕಡ್ಡಿ ಮಾಡಿನ ನೆತ್ತಿಗಿಂತ ಆರೆಂಟು ಅಡಿ ಮೇಲಿರಬೇಕು. ಅದರ ತುದಿಗೆ ಚೂಪಾದ ಹಿತ್ತಾಳೆ ತಂತಿ ಬೇಕು. ಬುಡವು ಮೂರು ನಾಲ್ಕು ಅಡಿ ಹಸಿ ಮಣ್ಣಿನೊಳಗೆ ಹೋಗಬೇಕು. ಮನೆ ಉದ್ದವಾಗಿದ್ದರೆ ಎರಡೂ ಕೊನೆಗಳಲ್ಲಿ ಕಡ್ಡಿ ನಿಲ್ಲಿಸಿ, ಮಾಡಿನ ಮೇಲೆ ತಂತಿ ಎಳೆದು ಜೋಡಿಸಬೇಕು. ಹಸಿ ಮಣ್ಣು ಏಕೆ ಗೊತ್ತೇ? ಒಣ ಮಣ್ಣಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ನೋಡುವವರ ಕಣ್ಣು ಮೇಲಿನ ತುದಿಯ ಮೇಲಿದ್ದರೂ ಮನೆಯನ್ನು ಉಳಿಸುವುದರಲ್ಲಿ ಮಣ್ಣಿನೊಳಗಿನ ಬುಡದ ಪಾಲು ದೊಡ್ಡದು.

ಚೂಪಾದ ತುದಿಯು ಮೋಡದ ವಿದ್ಯುತ್ತನ್ನು ಸದ್ದಿಲ್ಲದೆ ಇಳಿಸಿಕೊಂಡು ಸಿಡಿಲನ್ನೇ ತಪ್ಪಿಸಬಹುದೆಂದು ಅವನು ಭಾವಿಸಿದ್ದನು. ಅದು ನಿಜವಾಗಲಿಲ್ಲ. ಕಡ್ಡಿ ಸಿಡಿಲನ್ನು ತಡೆಯುವುದಿಲ್ಲ. ಎರಗಿದ ಸಿಡಿಲಿಗೆ ನೆಲದವರೆಗೆ ಸುಲಭವಾದ ದಾರಿ ಕೊಡುತ್ತದೆ. ಇದಕ್ಕೆ ಫ್ರಾಂಕ್ಲಿನ್ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಕಡ್ಡಿ ನೆಡಬಹುದಾಗಿತ್ತು.

1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಅವನೂ ಒಬ್ಬನು. 1790ರ ಏಪ್ರಿಲ್ 17ರಂದು ಫಿಲಡೆಲ್ಫಿಯದಲ್ಲಿ ತೀರಿಕೊಂಡನು. ಆದರೆ ಒಂದು ಜಗಳ ಅವನ ಕಾಲದಲ್ಲಿ ಮುಗಿಯಲಿಲ್ಲ. ಕಡ್ಡಿಯ ತುದಿ ಚೂಪಾಗಿರಬೇಕೋ, ಮೊಂಡಾಗಿರಬೇಕೋ? ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್ ಮೊಂಡು ತುದಿಯ ಪಕ್ಷ ಹಿಡಿದಿದ್ದನು. ನ್ಯೂ ಮೆಕ್ಸಿಕೋದ ಬೆಟ್ಟವೊಂದರ ಮೇಲೆ ವಿಜ್ಞಾನಿಗಳು ಎರಡೂ ಬಗೆಯ ಕಡ್ಡಿಗಳನ್ನು ನಿಲ್ಲಿಸಿ ಏಳು ವರ್ಷ ಕಾದರು. 2000ದಲ್ಲಿ ಫಲಿತಾಂಶ ಪ್ರಕಟವಾಯಿತು: ಹನ್ನೆರಡು ಮೊಂಡು ಕಡ್ಡಿಗಳಿಗೆ ಸಿಡಿಲು ಎರಗಿತ್ತು, ಚೂಪಾದ ಒಂದಕ್ಕೂ ಎರಗಿರಲಿಲ್ಲ.