ಮೋಟಾರು ಪೇಟೆಯನ್ನು ಕಟ್ಟಿದ ಹೆನ್ರಿ ಫೋರ್ಡ್

ಸರಕನ್ನು ತಯಾರಿಸುವುದು ಒಂದು ವಿದ್ಯೆ. ತಯಾರಾದ ಸರಕಿಗೆ ಕೊಳ್ಳುವವರನ್ನು ಉಂಟುಮಾಡುವುದು ಮತ್ತೊಂದು ವಿದ್ಯೆ. ಇವೆರಡನ್ನೂ ಬಲ್ಲವರು ವ್ಯಾಪಾರ ಪ್ರಪಂಚದಲ್ಲಿ ಬಹು ವಿರಳ. ಅಮೇರಿಕೆಯ ಹೆನ್ರಿ ಫೋರ್ಡನು ಅಂಥವರಲ್ಲೊಬ್ಬನು. ಶ್ರೀಮಂತರ ವಿಲಾಸದ ವಸ್ತುವಾಗಿದ್ದ ಮೋಟಾರು ಕಾರನ್ನು ಆತನು ರೈತನ ಕೊಟ್ಟಿಗೆಗೂ ಕೂಲಿಕಾರನ ಅಂಗಳಕ್ಕೂ ತಂದು ನಿಲ್ಲಿಸಿದನು. ಆದರೆ ತಾನೇ ಕಟ್ಟಿದ ಆ ಪೇಟೆಯು ಕಣ್ಣೆದುರಿನಲ್ಲೇ ಮಾರ್ಪಟ್ಟಾಗ ಅದನ್ನು ಅರಿಯದೆ ಹೋದನು. ಆತನ ಏಳಿಗೆಗೂ ಇಳಿತಕ್ಕೂ ಕಾರಣನಾದವನು ಒಬ್ಬನೇ: ಸಂಬಳ ಪಡೆದು ಸರಕು ಕೊಳ್ಳುವ ಸಾಮಾನ್ಯ ಮನುಷ್ಯ. ದುಡಿದು ಸಂಬಳ ಪಡೆಯುವ ನಮ್ಮ ವಾಚಕ ಬಂಧುಗಳಿಗೆ ಈ ಚರಿತ್ರೆಯಲ್ಲಿ ತಿಳಿಯತಕ್ಕ ವಿಷಯವು ಹೇರಳವಾಗಿದೆಯೆಂದು ಬಗೆದು ಇದನ್ನು ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಊರು ಬಿಟ್ಟ ಹುಡುಗ

1863ನೆಯ ಇಸವಿ ಜುಲೈ 30ರಂದು, ಮಿಶಿಗನ್ ಸಂಸ್ಥಾನದ ಡೆಟ್ರಾಯಿಟ್ ನಗರಕ್ಕೆ ಸಮೀಪವಾದ ಒಂದು ಹೊಲಮನೆಯಲ್ಲಿ ಹೆನ್ರಿ ಜನಿಸಿದನು. ತಂದೆ ವಿಲಿಯಂ ಫೋರ್ಡನು ಐರ್ಲೆಂಡಿನಿಂದ ವಲಸೆ ಬಂದ ರೈತನು. ಹುಡುಗನಿಗೆ ಹನ್ನೆರಡು ವರ್ಷವಾಗಿರುವಾಗ ತಾಯಿ ತೀರಿಕೊಂಡಳು. ಹೊಲದ ಕೆಲಸದಲ್ಲಿ ಹೆನ್ರಿಗೆ ಮನಸ್ಸು ನಿಲ್ಲಲಿಲ್ಲ. ಕೈಗೆ ಸಿಕ್ಕಿದ ಗಡಿಯಾರವನ್ನು ಬಿಚ್ಚಿ ಮತ್ತೆ ಜೋಡಿಸುವುದು, ನೆರೆಹೊರೆಯವರ ಗಡಿಯಾರಗಳನ್ನು ದುರಸ್ತಿ ಮಾಡುವುದು, ಇವೇ ಆತನ ಆಟಗಳಾಗಿದ್ದುವು.

1879ರಲ್ಲಿ, ಹದಿನಾರರ ಪ್ರಾಯದಲ್ಲಿ, ಆತನು ಮನೆ ಬಿಟ್ಟು ಡೆಟ್ರಾಯಿಟಿಗೆ ಹೋಗಿ ಯಂತ್ರದ ಕಾರಖಾನೆಯೊಂದರಲ್ಲಿ ಉಮೇದುವಾರನಾಗಿ ಸೇರಿದನು. ಹಳ್ಳಿಯನ್ನು ತೊರೆದು ಪಟ್ಟಣ ಸೇರಿದ ಹುಡುಗನ ಪಾಡನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. 1888ರಲ್ಲಿ ಕ್ಲಾರಾ ಬ್ರಯಂಟ್ ಎಂಬಾಕೆಯನ್ನು ವಿವಾಹವಾದನು. 1891ರಲ್ಲಿ ಎಡಿಸನ್ ವಿದ್ಯುತ್ ಕಂಪೆನಿಯಲ್ಲಿ ಕೆಲಸ ಹಿಡಿದು ಎರಡೇ ವರ್ಷಗಳಲ್ಲಿ ಮುಖ್ಯ ಇಂಜಿನಿಯರನಾದನು.

ಹಗಲು ಕಂಪೆನಿಯ ಚಾಕರಿ. ರಾತ್ರಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಸ್ವಂತ ಪ್ರಯೋಗ. 1896ರ ಜೂನ್ 4ರ ಬೆಳಗಿನ ಜಾವದಲ್ಲಿ ಆತನ ಮೊದಲ ಗಾಡಿ ಸಿದ್ಧವಾಯಿತು. ಹೊರಗೆ ತರಲು ನೋಡಿದರೆ ಕೊಟ್ಟಿಗೆಯ ಬಾಗಿಲು ಗಾಡಿಗಿಂತ ಕಿರಿದು! ಫೋರ್ಡನು ಕೊಡಲಿ ಹಿಡಿದು ಇಟ್ಟಿಗೆಯ ಗೋಡೆಯನ್ನೇ ಒಡೆದು ಗಾಡಿಯನ್ನು ಬೀದಿಗಿಳಿಸಿದನು.

ಆದರೆ ಗಾಡಿ ಓಡಿದ ಮಾತ್ರಕ್ಕೆ ವ್ಯಾಪಾರ ಓಡುವುದಿಲ್ಲ. 1899ರಲ್ಲಿ ಆತನು ಪಾಲುಗಾರನಾಗಿ ಸೇರಿದ ಮೊದಲ ಕಂಪೆನಿ ಎರಡು ವರ್ಷವೂ ಬಾಳಲಿಲ್ಲ. ಎರಡನೆಯದರಲ್ಲಿ ಬಂಡವಳಗಾರರೊಡನೆ ಮನಸ್ತಾಪವುಂಟಾಗಿ 1902ರಲ್ಲಿ ಹೊರಬಿದ್ದನು. ಮೂರನೆಯ ಯತ್ನವೇ 1903ರ ಜೂನ್ 16ರಂದು ಸ್ಥಾಪಿತವಾದ ಫೋರ್ಡ್ ಮೋಟಾರ್ ಕಂಪೆನಿ. ಆಗ ಕೂಡಿಬಂದ ನಗದು ಬಂಡವಳವು ಕೇವಲ 28,000 ಡಾಲರು.

ಎಲ್ಲರಿಗೂ ಒಂದೇ ಗಾಡಿ

1900ನೆಯ ಇಸವಿಯಲ್ಲಿ ಅಮೇರಿಕೆಯಲ್ಲಿ ತಯಾರಾದ ಮೋಟಾರು ಗಾಡಿಗಳು ಸುಮಾರು ನಾಲ್ಕು ಸಾವಿರ ಮಾತ್ರ. ಕೊಳ್ಳುವವರು ಧನಿಕರಾದ್ದರಿಂದ ತಯಾರಕರೂ ಹೆಚ್ಚು ಬೆಲೆಯ, ಹೆಚ್ಚು ಲಾಭದ ಗಾಡಿಗಳನ್ನೇ ನೆಚ್ಚಿಕೊಂಡಿದ್ದರು. ಫೋರ್ಡನ ಪಾಲುದಾರರಲ್ಲಿ ಕೆಲವರ ಅಭಿಪ್ರಾಯವೂ ಇದೇ ಆಗಿತ್ತು. ಫೋರ್ಡನ ಲೆಕ್ಕವು ಬೇರೆ. ಒಂದು ಗಾಡಿಯಿಂದ ಬರುವ ಲಾಭ ಕಡಿಮೆಯಾದರೂ ಚಿಂತೆಯಿಲ್ಲ, ಗಾಡಿಗಳ ಸಂಖ್ಯೆ ಹೆಚ್ಚಬೇಕೆಂಬುದು ಆತನ ನಿಶ್ಚಯ. ಊಟದ ದರವನ್ನು ಅಗ್ಗವಾಗಿಟ್ಟು ಪಂಕ್ತಿಯ ಮೇಲೆ ಪಂಕ್ತಿ ಬಡಿಸುವ ಹೋಟೆಲಿನ ಲೆಕ್ಕವನ್ನು ಕಂಡವರಿಗೆ ಈ ಮಾತು ಒಡನೆಯೇ ತಿಳಿಯುವುದು.

1908ರ ಅಕ್ಟೋಬರ್ ತಿಂಗಳಿನಲ್ಲಿ ಆತನ ಪ್ರಸಿದ್ಧವಾದ 'ಟಿ' ಮಾದರಿಯ ಗಾಡಿಯು ಪೇಟೆಗೆ ಬಂದಿತು. ಬೆಲೆ 850 ಡಾಲರು. ಹಗುರವಾದರೂ ಗಟ್ಟಿಯಾದ ಉಕ್ಕು, ಹಳ್ಳಿಯ ಕೆಸರು ಹಾದಿಯಲ್ಲಿ ಹುದುಗದಂತೆ ನೆಲದಿಂದ ಎತ್ತರವಾದ ಮೈಕಟ್ಟು, ರೈತನೇ ಸ್ವಂತವಾಗಿ ರಿಪೇರಿ ಮಾಡಿಕೊಳ್ಳಬಲ್ಲ ಸರಳವಾದ ಯಂತ್ರ, ಇವು ಅದರ ಗುಣಗಳು. ಮೊದಲ ವರ್ಷ ಹತ್ತು ಸಾವಿರಕ್ಕೂ ಹೆಚ್ಚು ಗಾಡಿಗಳು ತಯಾರಾದುವು. ಮಾರಾಟವು ಏರಿದಂತೆ ಹಳೆಯ ಕಾರಖಾನೆ ಸಾಲದೆ 1910ರಲ್ಲಿ ಹೈಲೆಂಡ್ ಪಾರ್ಕ್ ಎಂಬಲ್ಲಿ ಹೊಸ ಕಾರಖಾನೆಯು ಆರಂಭವಾಯಿತು.

ಇಲ್ಲಿಯೇ 1913ರಲ್ಲಿ ಲೋಕದ ಕೈಗಾರಿಕೆಯನ್ನೇ ಬದಲಿಸಿದ ಏರ್ಪಾಡು ನಡೆಯಿತು. ಅದುವರೆಗೆ ಗಾಡಿಯು ಒಂದೆಡೆ ನಿಂತಿರುತ್ತಿತ್ತು. ಕೆಲಸಗಾರರು ಅದರ ಸುತ್ತ ಓಡಾಡುತ್ತಿದ್ದರು. ಈಗ ಕೆಲಸಗಾರರು ನಿಂತಲ್ಲೇ ನಿಂತರು. ಗಾಡಿಯು ಸರಪಣಿಯ ಎಳೆತದಿಂದ ಅವರ ಮುಂದೆ ಸಾಗತೊಡಗಿತು. ಒಬ್ಬನು ಬೋಲ್ಟು ಇಟ್ಟರೆ ಮತ್ತೊಬ್ಬನು ನಟ್ಟು ತೊಡಿಸುವನು, ಮೂರನೆಯವನು ಬಿಗಿಯುವನು. ದೊಡ್ಡ ಹೋಟೆಲಿನ ಅಡಿಗೆಮನೆಯಲ್ಲಿ ರುಬ್ಬುವವನೇ ಬೇರೆ, ದೋಸೆ ಹೊಯ್ಯುವವನೇ ಬೇರೆ, ಕಾಫಿ ಬೆರೆಸುವವನೇ ಬೇರೆ, ಮುಸುರೆ ತಿಕ್ಕುವವನೇ ಬೇರೆಯಾಗಿರುವಂತೆ ಇದನ್ನು ಭಾವಿಸಬಹುದು. ಫಲವೇನಾಯಿತು? ಗಾಡಿಯ ಚೌಕಟ್ಟೊಂದನ್ನು ಜೋಡಿಸಲು ಹನ್ನೆರಡು ಗಂಟೆಗೂ ಹೆಚ್ಚಾಗಿ ಹಿಡಿಯುತ್ತಿದ್ದ ಕಾಲವು 1914ರ ವಸಂತದ ಹೊತ್ತಿಗೆ 93 ನಿಮಿಷಕ್ಕಿಳಿಯಿತು.

ಐದು ಡಾಲರಿನ ದಿನಗೂಲಿ

ಆದರೆ ಮನುಷ್ಯನು ಯಂತ್ರವಲ್ಲ. ದಿನವಿಡೀ ಒಂದೇ ನಟ್ಟನ್ನು ಬಿಗಿಯುವ ಕೆಲಸದಿಂದ ಬೇಸತ್ತು ಜನರು ಗುಂಪುಗುಂಪಾಗಿ ಬಿಟ್ಟುಹೋಗತೊಡಗಿದರು. 1913ರಲ್ಲಿ ಸುಮಾರು 14,000 ಸ್ಥಾನಗಳನ್ನು ತುಂಬಿರಿಸುವುದಕ್ಕಾಗಿ 50,000ಕ್ಕೂ ಮಿಕ್ಕಿ ಜನರನ್ನು ನೇಮಿಸಬೇಕಾಯಿತು. ನುರಿತವನು ಬಿಟ್ಟುಹೋಗಿ ಹೊಸಬನು ಬಂದಾಗ ಕೆಲಸ ಹೇಗೆ ಕೆಡುವುದೆಂಬುದನ್ನು ಹೋಟೆಲು ನಡೆಸಿದ ನಾವು ಚೆನ್ನಾಗಿ ಬಲ್ಲೆವು.

ಈ ರೋಗಕ್ಕೆ ಫೋರ್ಡನು ಕಂಡ ಮದ್ದು ಜಗತ್ತನ್ನೇ ಬೆರಗುಗೊಳಿಸಿತು. 1914ರ ಜನವರಿ 5ರಂದು ಆತನ ಕಂಪೆನಿಯು ದಿನಕ್ಕೆ ಐದು ಡಾಲರು ಕೊಡುವುದಾಗಿ ಸಾರಿತು. ಅದುವರೆಗಿನ ಕೂಲಿ ಒಂಬತ್ತು ಗಂಟೆಯ ದುಡಿಮೆಗೆ 2 ಡಾಲರು 34 ಸೆಂಟು. ಇನ್ನು ಮುಂದೆ ಎಂಟೇ ಗಂಟೆಯ ದುಡಿಮೆ. ಮರುದಿನವೇ ಸಾವಿರಾರು ಜನರು ಕಾರಖಾನೆಯ ಬಾಗಿಲಲ್ಲಿ ನೆರೆದರು. ಕೆಲವು ದಿನಗಳ ತರುವಾಯ ಆ ಜಂಗುಳಿಯನ್ನು ಚದರಿಸಲು ಕೊರೆಯುವ ಚಳಿಯಲ್ಲಿ ಅವರ ಮೇಲೆ ನೀರು ಹಾರಿಸಿದರೆಂಬುದೂ ಚರಿತ್ರೆಯಲ್ಲಿ ಸೇರಿದೆ.

ಇದು ಧರ್ಮಕ್ಕೆ ಕೊಟ್ಟ ಹಣವಲ್ಲ. ಕೆಲಸಗಾರರು ನೆಲೆನಿಂತರು, ಉತ್ಪಾದನೆ ಏರಿತು, ಖರ್ಚು ಇಳಿಯಿತು, ಬೆಲೆಯೂ ಇಳಿಯಿತು. ಅದೇ ವರ್ಷ ಮುಂದಿನ ಹನ್ನೆರಡು ತಿಂಗಳಲ್ಲಿ ಮೂರು ಲಕ್ಷ ಗಾಡಿಗಳು ಮಾರಾಟವಾದರೆ ಕೊಂಡವರಿಗೆಲ್ಲ ಹಣವನ್ನು ಹಿಂದಿರುಗಿಸುವುದಾಗಿ ಫೋರ್ಡನು ಮಾತುಕೊಟ್ಟನು. ಮಾರಾಟವು ಮೂರು ಲಕ್ಷವನ್ನು ದಾಟಿತು. ಪ್ರತಿಯೊಬ್ಬರಿಗೂ 50 ಡಾಲರು ಹಿಂದಕ್ಕೆ ಬಂದಿತು. 1916ರ ಆಗಸ್ಟಿನಲ್ಲಿ ಗಾಡಿಯ ಬೆಲೆ 360 ಡಾಲರಿಗಿಳಿಯಿತು.

ವಾಚಕರು ಇಲ್ಲೊಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. 2 ಡಾಲರು 34 ಸೆಂಟು ಕೂಲಿಯವನಿಗೆ 850 ಡಾಲರಿನ ಗಾಡಿಯೆಂದರೆ 363 ದಿನಗಳ ದುಡಿಮೆ. ಐದು ಡಾಲರಿನ ಕೂಲಿಯವನಿಗೆ 360 ಡಾಲರಿನ ಗಾಡಿಯೆಂದರೆ 72 ದಿನಗಳ ದುಡಿಮೆ. ಎಂಟು ವರ್ಷಗಳಲ್ಲಿ ಒಂದು ವರ್ಷದ ಶ್ರಮವು ಎರಡೂವರೆ ತಿಂಗಳಿಗಿಳಿಯಿತು. ಮೋಟಾರು ಪೇಟೆಯು ಹುಟ್ಟಿದ್ದು ಜಾಹೀರಾತಿನಿಂದಲ್ಲ, ಈ ಲೆಕ್ಕದಿಂದ.

ಆದರೂ ನಾಣ್ಯದ ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಐದು ಡಾಲರಿನಲ್ಲಿ ಸುಮಾರು ಅರ್ಧವು ಕೂಲಿ. ಉಳಿದುದು ಲಾಭದ ಪಾಲು. ಆ ಪಾಲನ್ನು ಪಡೆಯಲು ಕೆಲಸಗಾರನ ನಡತೆ ಒಡೆಯನಿಗೆ ಒಪ್ಪಿಗೆಯಾಗಬೇಕಾಗಿತ್ತು. ಕಂಪೆನಿಯ ತನಿಖೆಗಾರರು ಮನೆಮನೆಗೆ ಹೋಗಿ ಕುಡಿತವುಂಟೆ, ಮನೆ ಶುಚಿಯಾಗಿದೆಯೆ, ಹಣ ಉಳಿಸುತ್ತಿರುವನೆ ಎಂದು ವಿಚಾರಿಸುತ್ತಿದ್ದರು. ಕೈತುಂಬ ಸಂಬಳ ಕೊಟ್ಟವನು ಕೆಲಸಗಾರನ ಮನೆಯ ಬಾಗಿಲನ್ನೂ ತನ್ನದೆಂದೇ ತಿಳಿದನು.

ಪೇಟೆಯು ಬದಲಾಯಿತು

1919ರಲ್ಲಿ ಉಳಿದ ಪಾಲುದಾರರ ಷೇರುಗಳನ್ನೆಲ್ಲ ಕೊಂಡು ಫೋರ್ಡ್ ಕುಟುಂಬವೇ ಕಂಪೆನಿಯ ಏಕಮಾತ್ರ ಒಡೆತನವನ್ನು ಪಡೆಯಿತು. ಅಂದಿನಿಂದ ಹೆನ್ರಿಗೆ ಎದುರಾಡುವವರು ಇಲ್ಲವಾದರು. 1920ರ ಕೊನೆಯಲ್ಲಿ ದೇಶದ ವ್ಯಾಪಾರವು ಕುಸಿದಾಗ ಆತನು ಕಾರಖಾನೆಯನ್ನು ಕೆಲಕಾಲ ಮುಚ್ಚಿ, ಇದ್ದ ಗಾಡಿಗಳನ್ನು ಏಜೆಂಟರ ತಲೆಗೆ ಕಟ್ಟಿ, ನಗದು ವಸೂಲು ಮಾಡಿದನು. ಏಜೆಂಟರು ಸಾಲ ಮಾಡಿ ಹಣ ತೆತ್ತರು. ಹೀಗೆ ಆತನು ಆ ಕಷ್ಟವನ್ನು ಪಾರಾದನು. 1921ರಲ್ಲಿ ಅಮೇರಿಕೆಯಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತನವೇ. 1923ರಲ್ಲಿ ಸುಮಾರು 20 ಲಕ್ಷ 'ಟಿ' ಗಾಡಿಗಳು ತಯಾರಾದುವು. ಎರಡೇ ಮಂದಿ ಕೂರುವ ಅತ್ಯಂತ ಅಗ್ಗದ ಗಾಡಿಯ ಬೆಲೆಯು ಮುಂದೆ 260 ಡಾಲರಿಗಿಳಿಯಿತು.

ಶಿಖರದ ಮೇಲಿದ್ದವನಿಗೆ ತಪ್ಪಲಿನಲ್ಲಿ ನಡೆಯುತ್ತಿದ್ದುದು ಕಾಣಿಸಲಿಲ್ಲ. ಕಾರೇ ಇಲ್ಲದವನಿಗೆ ಮೊದಲನೆಯ ಕಾರನ್ನು ಮಾರುವ ಕಾಲವು ಮುಗಿಯುತ್ತ ಬಂದಿತ್ತು. ಈಗ ಅಂಗಡಿಗೆ ಬರುವವನು ಹಳೆಯ ಕಾರನ್ನು ಕೊಟ್ಟು ಹೊಸದನ್ನು ಕೇಳುವವನು. ಕೇವಲ ಅಗ್ಗವನ್ನು ಬಯಸುವವನಿಗೆ ಇತರರು ಬಳಸಿ ಮಾರಿದ ಗಾಡಿಗಳು ಇನ್ನೂ ಅಗ್ಗವಾಗಿ ಸಿಗುತ್ತಿದ್ದುವು. ಮಳೆ ಚಳಿಗಳಿಂದ ಕಾಪಾಡುವ ಮುಚ್ಚುಗಾಡಿ, ಕಣ್ಣಿಗೊಪ್ಪುವ ಬಣ್ಣ, ಹೊಸತನ, ಇವು ಜನರಿಗೆ ಬೇಕಾದುವು. ಫೋರ್ಡನ ಗಾಡಿಗೆ 1914ರಿಂದ 1925ರವರೆಗೆ ಕಪ್ಪಲ್ಲದೆ ಬೇರೆ ಬಣ್ಣವೇ ಇರಲಿಲ್ಲ.

ಜನರಲ್ ಮೋಟಾರ್ಸ್ ಕಂಪೆನಿಯ ಆಲ್ಫ್ರೆಡ್ ಸ್ಲೋನನು ಈ ಮಾರ್ಪಾಟನ್ನು ಕಂಡನು. ಬಡವನಿಗೆ ಶೆವ್ರೊಲೆ, ಸಿರಿವಂತನಿಗೆ ಕ್ಯಾಡಿಲಾಕ್, ನಡುವಿನವರಿಗೆ ನಡುವಿನ ದರದ ಗಾಡಿಗಳು; ಕಾಲಕಾಲಕ್ಕೆ ಹೊಸ ರೂಪ; ಎಲ್ಲಕ್ಕಿಂತ ಮಿಗಿಲಾಗಿ, ಕಂತಿನ ಮೇಲೆ ಖರೀದಿ. ಇದಕ್ಕಾಗಿ ಆ ಕಂಪೆನಿಯು 1919ರಲ್ಲಿಯೇ ಸಾಲ ಕೊಡುವ ಸಂಸ್ಥೆಯನ್ನು ತೆರೆದಿತ್ತು. ಸಾಲವನ್ನು ಒಪ್ಪದ ಫೋರ್ಡನು 1923ರಲ್ಲಿ ಬೇರೊಂದು ಯೋಜನೆಯನ್ನು ಹೂಡಿದನು: ವಾರವಾರವೂ ಹಣ ಕಟ್ಟುತ್ತಿರಬೇಕು, ಪೂರ್ತಿ ಸಂದಾಯವಾದ ಮೇಲೆ ಗಾಡಿ. ಗಾಡಿಯನ್ನು ಇಂದೇ ಕೊಟ್ಟು ಹಣವನ್ನು ಮೆಲ್ಲನೆ ಪಡೆಯುವ ಅಂಗಡಿ ಎದುರಿಗಿರುವಾಗ ಇದನ್ನು ಯಾರು ಮೆಚ್ಚಿಯಾರು?

ಮಗ ಎಡ್ಸೆಲ್ ಹೆಸರಿಗೆ ಕಂಪೆನಿಯ ಅಧ್ಯಕ್ಷನು. ಮಾದರಿಯನ್ನು ಬದಲಿಸಬೇಕೆಂಬ ಆತನ ಮಾತಿಗೆ ತಂದೆ ಬಹುಕಾಲ ಕಿವಿಗೊಡಲಿಲ್ಲ. ಕಡೆಗೆ 1927ರ ಮೇ 26ರಂದು ಒಂದೂವರೆ ಕೋಟಿಯ ಗಾಡಿಯು ಹೊರಬರುವುದರೊಡನೆ 'ಟಿ' ಮಾದರಿಯ ತಯಾರಿಕೆ ಕೊನೆಗೊಂಡಿತು. ಹೊಸ ಮಾದರಿ ಸಿದ್ಧವಾಗಿರಲಿಲ್ಲ. ತಿಂಗಳುಗಟ್ಟಲೆ ಕಾರಖಾನೆ ಮುಚ್ಚಿತು. ಸಾವಿರಾರು ಕುಟುಂಬಗಳು ಕೂಲಿಯಿಲ್ಲದೆ ಕುಳಿತುವು. ಒಡೆಯನ ಹಟದ ದಂಡವನ್ನು ಆಳುಗಳು ತೆತ್ತರು. ಡಿಸೆಂಬರಿನಲ್ಲಿ ಬಂದ 'ಎ' ಮಾದರಿಯು 1929 ಮತ್ತು 1930ರಲ್ಲಿ ಮತ್ತೆ ಮೊದಲ ಸ್ಥಾನವನ್ನು ಗಳಿಸಿತಾದರೂ 1931ರಲ್ಲಿ ಅದು ಶೆವ್ರೊಲೆಯ ಪಾಲಾಯಿತು.

ಕೊನೆಯ ವರ್ಷಗಳು

ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತವು ಬಂದೆರಗಿತು. 1929ರಲ್ಲಿ ಅಮೇರಿಕೆಯಲ್ಲಿ ತಯಾರಾದ ಕಾರುಗಳು 44 ಲಕ್ಷ. 1932ರಲ್ಲಿ 11 ಲಕ್ಷ. ಸಂಬಳವಿಲ್ಲದವನು ಕಾರನ್ನು ಕೊಳ್ಳಲಾರನು. ಕಾರು ಮಾರಾಟವಾಗದಿದ್ದರೆ ಸಂಬಳವೂ ಇಲ್ಲ. ಐದು ಡಾಲರಿನ ದಿನದಲ್ಲಿ ಮೇಲಕ್ಕೆ ಸುತ್ತಿದ ಚಕ್ರವು ಈಗ ಕೆಳಕ್ಕೆ ಸುತ್ತಿತು. 1932ರ ಮಾರ್ಚ್ 7ರಂದು ಕೆಲಸ ಕೇಳುತ್ತ ಫೋರ್ಡನ ಕಾರಖಾನೆಯತ್ತ ಮೆರವಣಿಗೆ ಹೊರಟ ನಿರುದ್ಯೋಗಿಗಳ ಮೇಲೆ ಪೋಲೀಸರೂ ಕಂಪೆನಿಯ ಕಾವಲಿನವರೂ ಗುಂಡು ಹಾರಿಸಿದರು. ನಾಲ್ವರು ಅಂದೇ ಮಡಿದರು. ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಕಂಪೆನಿಗಳು 1937ರಲ್ಲಿ ಕಾರ್ಮಿಕ ಸಂಘವನ್ನು ಮಾನ್ಯ ಮಾಡಿದರೂ ಫೋರ್ಡನು ಒಪ್ಪಲಿಲ್ಲ. ಆ ವರ್ಷ ಆತನ ಕಾವಲಿನವರು ಸಂಘದ ಮುಂದಾಳುಗಳನ್ನು ಥಳಿಸಿದರು. 1941ರ ಮುಷ್ಕರದ ನಂತರವೇ ಆತನು ಸಂಘದೊಡನೆ ಕರಾರಿಗೆ ಸಹಿ ಹಾಕಿಸಿದನು. 1920ರ ದಶಕದಲ್ಲಿ ತನ್ನ ಒಡೆತನದ ಪತ್ರಿಕೆಯಲ್ಲಿ ಯೆಹೂದ್ಯರ ವಿರುದ್ಧ ದ್ವೇಷದ ಲೇಖನಮಾಲೆಯನ್ನು ಪ್ರಕಟಿಸಿ 1927ರಲ್ಲಿ ಕ್ಷಮೆ ಬೇಡಿದುದು ಆತನ ಜೀವನದ ಮಾಸದ ಕಲೆ. ಪತ್ರಿಕೆ ನಡೆಸುವ ನಾವು ಇದನ್ನು ಹೇಳದೆ ಬಿಡಲಾಗದು.

1943ರಲ್ಲಿ ಎಡ್ಸೆಲ್ ತಂದೆಗಿಂತ ಮೊದಲೇ ತೀರಿಕೊಂಡನು. 1945ರಲ್ಲಿ ಕಂಪೆನಿಯ ಭಾರವು ಮೊಮ್ಮಗನಿಗೆ ಬಂದಿತು. 1947ರ ಏಪ್ರಿಲ್ 7ರ ರಾತ್ರಿ, 83ರ ಪ್ರಾಯದಲ್ಲಿ, ಹೆನ್ರಿ ಫೋರ್ಡನು ಡಿಯರ್‌ಬಾರ್ನಿನ ತನ್ನ ಮನೆಯಲ್ಲಿ ಕಣ್ಮುಚ್ಚಿದನು. ಅಂದು ನದಿಯ ನೆರೆಯಿಂದ ಮನೆಯ ವಿದ್ಯುತ್ತು ನಿಂತುಹೋಗಿತ್ತು. ವಿದ್ಯುತ್ ಕಂಪೆನಿಯಲ್ಲಿ ದುಡಿದು ಮೇಲೆ ಬಂದವನು ದೀಪದ ಮಂದ ಬೆಳಕಿನಲ್ಲಿ ಪ್ರಾಣ ಬಿಟ್ಟನು.

ಪೇಟೆಯು ಮಾತ್ರ ನಿಲ್ಲಲಿಲ್ಲ. 1931ರಿಂದ ಅಮೇರಿಕೆಯ ಮಾರಾಟದಲ್ಲಿ ಮೊದಲಿಗನಾಗಿದ್ದ ಜನರಲ್ ಮೋಟಾರ್ಸನ್ನು 2021ರಲ್ಲಿ ಜಪಾನಿನ ಟೊಯೊಟಾ ಹಿಂದಿಕ್ಕಿತು. ಅಮೇರಿಕೆಯ ಪೇಟೆಯನ್ನೇ 2009ರಲ್ಲಿ ಚೀನಾದ ಪೇಟೆಯು ಮೀರಿತು. ಫೋರ್ಡ್ ಕಂಪೆನಿಯು ನಮ್ಮ ದೇಶದಲ್ಲಿ ಮಾರಲು ಇಲ್ಲಿಯೇ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಸಾರಿದಾಗ ಚೆನ್ನೈ ಸಮೀಪದ ಮರೈಮಲೈ ನಗರದ ಕೆಲಸಗಾರರು ಪಟ್ಟ ಕಳವಳವನ್ನು ಅಲ್ಲಿನ ನಮ್ಮ ವಾಚಕರು ಬಲ್ಲರು.

ಫೋರ್ಡನ ಬಾಳಿನಿಂದ ನಾವು ಗ್ರಹಿಸತಕ್ಕುದು ಇಷ್ಟು. ದುಡಿಯುವವನ ಕೈಯಲ್ಲಿ ನಾಲ್ಕು ಕಾಸು ಹೆಚ್ಚು ನಿಂತರೆ ಅದು ಒಡೆಯನಿಗೆ ನಷ್ಟವಲ್ಲ. ಅದು ಸುತ್ತಿ ಬಂದು ಯಾವುದೋ ಗಲ್ಲೆಯನ್ನು ತುಂಬಿಯೇ ತುಂಬುವುದು. ಆದರೆ ಸಂಬಳ ಕೊಟ್ಟ ಮಾತ್ರಕ್ಕೆ ಮನುಷ್ಯನನ್ನು ಕೊಂಡಂತಾಗುವುದಿಲ್ಲ, ಒಮ್ಮೆ ಬಂದ ಗಿರಾಕಿಯು ಎಂದೆಂದಿಗೂ ತನ್ನವನೆಂದು ನಂಬುವಂತೆಯೂ ಇಲ್ಲ. ಮೊದಲನೆಯದನ್ನು ಇತರರಿಗಿಂತ ಮುಂಚೆ ಕಂಡದ್ದರಿಂದ ಫೋರ್ಡನು ದೊಡ್ಡವನಾದನು. ಉಳಿದೆರಡನ್ನು ಕಾಣದ್ದರಿಂದ ತಾನೂ ನೊಂದನು, ತನ್ನನ್ನು ನಂಬಿದವರನ್ನೂ ನೋಯಿಸಿದನು. ಹತ್ತು ಆಳುಗಳ ಹೋಟೆಲಿಗೂ ಲಕ್ಷ ಆಳುಗಳ ಕಾರಖಾನೆಗೂ ಈ ಮಾತು ಸಮನಾಗಿಯೇ ಸಲ್ಲುವುದು.