ದೀಪಧಾರಿಣಿಯ ಅಡಿಗೆಮನೆ

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ದೀಪ ಹಿಡಿದು ಇರುಳಿನಲ್ಲಿ ರೋಗಿಗಳ ನಡುವೆ ಸುಳಿಯುವ ಮಹಿಳೆಯ ಚಿತ್ರ ನಮ್ಮ ಕಣ್ಣೆದುರು ನಿಲ್ಲುತ್ತದೆ. ಶಾಲೆಯಲ್ಲಿ ನಾವು ಓದಿದುದು ಅಷ್ಟೆ. ರೋಗಿಯ ಊಟದ ತಟ್ಟೆಯ ಮೇಲೆ ಆಕೆಗಿದ್ದ ಕಣ್ಣನ್ನು ಬಲ್ಲವರು ವಿರಳ.

ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿಗೆ ಬಂದಿತು. ಸಿರಿವಂತ ಇಂಗ್ಲಿಷ್ ಮನೆತನ. ದಾದಿಯ ಕೆಲಸ ಕೀಳೆಂದು ಎಣಿಸುತ್ತಿದ್ದ ಕಾಲವಾದುದರಿಂದ ತಾಯಿಯೂ ಅಕ್ಕನೂ ಬಹುಕಾಲ ಅಡ್ಡಬಂದರು. ಆದರೂ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥ್‌ಗೆ ಹೋಗಿ ಶುಶ್ರೂಷೆ ಕಲಿತಳು.

1854ರ ನವೆಂಬರಿನಲ್ಲಿ 38 ದಾದಿಯರೊಡನೆ ತುರ್ಕಸ್ಥಾನದ ಸ್ಕುಟಾರಿಯ ಸೈನಿಕ ಆಸ್ಪತ್ರೆಯನ್ನು ಸೇರಿದಳು. ಅಲ್ಲಿ ಮಾಂಸವನ್ನು ಎಲುಬು ಸಹಿತ ತೂಗಿ ಹಂಚುತ್ತಿದ್ದರು. ಒಬ್ಬನ ಪಾಲಿಗೆ ಬರಿಯ ಎಲುಬೇ ಬೀಳುವುದೂ ಇತ್ತು. ದೊಡ್ಡ ಹಂಡೆಗಳಲ್ಲಿ ಬೆಂದ ಊಟ ಕೊನೆಯ ಮಂಚಕ್ಕೆ ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತಿತ್ತು. ನೈಟಿಂಗೇಲ್ ರೋಗಿಗಳಿಗಾಗಿಯೇ ಬೇರೆ ಅಡಿಗೆಮನೆಗಳನ್ನು ತೆರೆದು ಸಾರು, ಗಂಜಿಗಳನ್ನು ಮಾಡಿಸಿದಳು. 1855ರಲ್ಲಿ ಅಲೆಕ್ಸಿಸ್ ಸೋಯರ್ ಎಂಬ ಹೆಸರುವಾಸಿ ಬಾಣಸಿಗ ಲಂಡನ್ನಿನಿಂದ ಬಂದು ಆಕೆಯ ಕೈಗೂಡಿದನು.

ಈ ಅನುಭವವೆಲ್ಲ 1859ರಲ್ಲಿ ಶುಶ್ರೂಷೆಯನ್ನು ಕುರಿತು ಆಕೆ ಬರೆದ ಚಿಕ್ಕ ಪುಸ್ತಕದಲ್ಲಿ ಇಳಿದಿದೆ. ಊಟಕ್ಕೆಂದೇ ಎರಡು ಅಧ್ಯಾಯಗಳಿವೆ. ಅನ್ನ ಬೇಕಾದಷ್ಟಿದ್ದೂ, ತಿನ್ನಿಸುವ ಬಗೆಯನ್ನು ಯಾರೂ ಯೋಚಿಸದ್ದರಿಂದ ಸಾವಿರಾರು ರೋಗಿಗಳು ಹಸಿದೇ ಇರುತ್ತಾರೆಂದು ಆಕೆಯ ದೂರು. ತೀರ ನಿಶ್ಶಕ್ತರಾದವರು ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ಗಟ್ಟಿಯಾದುದನ್ನು ತಿನ್ನಲಾರರು. ಅಂಥವರಿಗೆ ಗಂಟೆಗೊಂದು ಚಮಚೆಯಾದರೂ ದ್ರವಾಹಾರ ಕೊಡಬೇಕು. ತಿನ್ನದೆ ಬಿಟ್ಟ ಊಟವನ್ನು ಮಂಚದ ಬಳಿ ಇಟ್ಟುಹೋಗಬಾರದು. ಉಣ್ಣುವಾಗ ರೋಗಿಯೊಡನೆ ಮಾತಿಗೆ ಕೂರಬಾರದು. ಈ ಕೊನೆಯ ಮಾತು ನಮ್ಮ ಕಡೆಯ ನೆಂಟರಿಷ್ಟರಿಗೆ ಹಿಡಿಸುವುದು ಕಷ್ಟ!

ಇದನ್ನು ಓದುವಾಗ ನನಗೆ ನಮ್ಮ ಆಯಿಯ ನೆನಪಾಯಿತು. ಮೋರಖಂಡಿಯಿಂದ ಆಕೆಯನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಹಲ್ಲಿಲ್ಲದ ಬಾಯಿ, ತಟ್ಟೆಯಲ್ಲಿ ಗಟ್ಟಿ ಚಪಾತಿ. ಮೂರು ದಿನ ತಟ್ಟೆ ಬಂದಂತೆಯೇ ಮರಳಿತು. ಯಾಕೆಂದು ಯಾರೂ ಕೇಳಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ನಾನೂ ಕೇಳಲಿಲ್ಲ. ನಾಲ್ಕನೆಯ ದಿನ ಅವ್ವ ಜೋಳದ ನುಚ್ಚನ್ನು ಮಜ್ಜಿಗೆಯಲ್ಲಿ ಕಲಸಿ ಉಣಿಸಿದಾಗ ಆಯಿ ಉಂಡಳು. ಮುಪ್ಪಿನಲ್ಲಿ ಕೆಲವೇ ದಿನ ಉಣ್ಣದೆ ಮಲಗಿದರೂ ಸ್ನಾಯುಗಳು ಬೇಗ ಕರಗುತ್ತವೆ, ಗಾಯ ಮಾಯುವುದು ತಡವಾಗುತ್ತದೆ ಎಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ತೆರೆಯಿತು. ಆ ದೇಶದಲ್ಲಿ ವರ್ಕ್‌ಹೌಸ್ ಎಂಬ ಬಡವರ ಮನೆಗಳಿದ್ದವು. ದಿಕ್ಕಿಲ್ಲದ ಮುದುಕರೂ ರೋಗಿಗಳೂ ಅಲ್ಲಿ ಬಿದ್ದಿರುತ್ತಿದ್ದರು. 1865ರಲ್ಲಿ ಈ ಶಾಲೆಯಲ್ಲಿ ಕಲಿತ ಆಗ್ನೆಸ್ ಜೋನ್ಸ್ ಲಿವರ್‌ಪೂಲಿನ ಅಂಥ ಮನೆಯ ಆಸ್ಪತ್ರೆಗೆ ಹೋದಳು. 1868ರಲ್ಲಿ ಅಲ್ಲಿಯೇ ಟೈಫಸ್ ಜ್ವರಕ್ಕೆ ಬಲಿಯಾದಳು.

ನೈಟಿಂಗೇಲಳ ದೇಹವೂ ಗಟ್ಟಿಯಿರಲಿಲ್ಲ. ಯುದ್ಧದಿಂದ ಮರಳಿದ ಮೇಲೆ ಎಷ್ಟೋ ವರ್ಷ ಹಾಸಿಗೆಯಿಂದಲೇ ಬರೆದಳು. ಮುಪ್ಪಿನಲ್ಲಿ ಕಣ್ಣು ಹೋಯಿತು. ಎಲ್ಲಕ್ಕೂ ಪರರ ಕೈ ಬೇಕಾಯಿತು. 1910ರ ಆಗಸ್ಟ್ 13ರಂದು, ತನ್ನ ತೊಂಬತ್ತನೆಯ ವಯಸ್ಸಿನಲ್ಲಿ, ಲಂಡನ್ನಿನ ಮನೆಯಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡಳು.