ಬಿಲ್ಲು ನಂಬಿದ ಸುಲ್ತಾನ ಮುಜಾಹಿದ್ ಶಾ

ಕಲಬುರಗಿಯಿಂದ ಕಮಲಾಪುರ ದಾಟಿ ಬೀದರಿನವರೆಗೆ ಹಬ್ಬಿದ ಬಯಲುಸೀಮೆ ಚಿಗರಿಗಳ ನೆಲೆ. ಮರದ ಮರೆಯಿಲ್ಲದ ಇಂಥ ನೆಲದಲ್ಲಿ ಬೇಟೆಗಾರ ಬಾಣದ ಅಳತೆಗೆ ಬರುವ ಮೊದಲೇ ಚಿಗರಿ ಜಿಗಿದು ಮಾಯವಾಗುತ್ತದೆ. ಅದನ್ನು ಬಿಲ್ಲಿಗೆ ಸಿಲುಕಿಸಲು ಕುದುರೆಯ ವೇಗವೂ ಓಟದ ನಡುವೆ ಗುರಿ ತಪ್ಪದ ಕೈಯೂ ಬೇಕು. ಅರಸುಮಕ್ಕಳಿಗೆ ಬೇಟೆಯೇ ಯುದ್ಧದ ಪಾಠಶಾಲೆಯಾಗಿದ್ದ ಕಾಲದಲ್ಲಿ, ಈ ಸೀಮೆಯನ್ನು ಆಳಿದವನು ಬಹಮನಿಯ ಮೂರನೆಯ ಸುಲ್ತಾನ ಮುಜಾಹಿದ್ ಶಾ.

1347ರಲ್ಲಿ ರಾಜ್ಯ ಸ್ಥಾಪಿಸಿದ ಅಲಾವುದ್ದೀನ್ ಹಸನನ ಮೊಮ್ಮಗ ಈತ. ಪ್ರಧಾನಿ ಸೈಫುದ್ದೀನ್ ಘೋರಿ ತಾಯಿಯ ತಂದೆ. ಈತನ ಬದುಕಿನ ವಿವರಗಳು ದೊರೆಯುವುದು ಮುಖ್ಯವಾಗಿ ಫೆರಿಸ್ತಾನ ಇತಿಹಾಸದಲ್ಲಿ. ಸುಮಾರು 230 ವರ್ಷಗಳ ಬಳಿಕ ವಿಜಾಪುರದಲ್ಲಿ ಕುಳಿತು ಬರೆದ ಫೆರಿಸ್ತಾನಿಗೆ ವೀರರನ್ನು ಹಿಗ್ಗಿಸಿ ತೋರಿಸುವ ಚಟವಿತ್ತು ಎಂಬುದನ್ನು ಮರೆಯದೆ ಓದಬೇಕು.

ಬಾಲಕನಾಗಿದ್ದಾಗಲೇ ಮುಜಾಹಿದ್ ತಂದೆಯ ಬೊಕ್ಕಸದ ಬಾಗಿಲು ಮುರಿದು ಹೊನ್ನಿನ ಚೀಲಗಳನ್ನು ಗೆಳೆಯರಿಗೆ ಹಂಚಿದನಂತೆ. ದೂರು ಒಯ್ದವನು ಎಲೆಯಡಿಕೆ ಒದಗಿಸುವ ಊಳಿಗದ ಮುಬಾರಕ್. ತಂದೆಯಿಂದ ಛಡಿಯೇಟು ತಿಂದ ಹುಡುಗ ಮೌನವಾಗಿದ್ದು, ಕೆಲ ದಿನಗಳ ನಂತರ ಮುಬಾರಕನನ್ನು ಸ್ನೇಹದ ಕುಸ್ತಿಗೆ ಕರೆದು ನೆಲಕ್ಕಪ್ಪಳಿಸಿದ. ಮುಬಾರಕನ ಕತ್ತು ಮುರಿಯಿತು. ಆಗ ಮುಜಾಹಿದನಿಗೆ ಹದಿನಾಲ್ಕು ವರ್ಷ. ಸತ್ತವನಿಗೆ ಮಸೂದನೆಂಬ ಮಗನಿದ್ದ.

1375ರಲ್ಲಿ ಪಟ್ಟವೇರಿದ ಸುಲ್ತಾನ ಬೇಗನೆ ವಿಜಯನಗರದ ಬುಕ್ಕರಾಯನ ಮೇಲೆ ದಂಡೆತ್ತಿದ. ಕೃಷ್ಣಾ-ತುಂಗಭದ್ರೆಗಳ ನಡುವಿನ ದೋಆಬ್ ವ್ಯಾಜ್ಯಕ್ಕೆ ಮೂಲ. ದಾರಿಯಲ್ಲಿ ಜನರ ಸಂಚಾರವನ್ನೇ ನಿಲ್ಲಿಸಿದ್ದ ಹುಲಿಯೊಂದರ ಸುದ್ದಿ ಬಂತು. ಏಳೇ ಮಂದಿ ಸಂಗಡಿಗರೊಂದಿಗೆ ಕಾಲ್ನಡೆಯಲ್ಲಿ ಹೋದ ಸುಲ್ತಾನ ಒಂದೇ ಬಾಣಕ್ಕೆ ಅದನ್ನು ಕೆಡವಿದ. ಗುರಿ ಎಲ್ಲಿ ತಾಗಿತೆಂಬ ಕುತೂಹಲಕ್ಕೆ ಹೊಟ್ಟೆ ಸೀಳಿಸಿ ನೋಡಿದನೆಂದೂ ಕಥೆಯಿದೆ. ಕುದುರೆಯೇರಿ ಚಿಗರಿಯನ್ನು ಬೆನ್ನಟ್ಟುವುದು ಬೇರೆ, ನಿಂತಲ್ಲೇ ನಿಂತು ಹುಲಿಯನ್ನು ಎದುರಿಸುವುದು ಬೇರೆ!

ಯುದ್ಧ ಮಾತ್ರ ಬೇಟೆಯಷ್ಟು ಸುಲಭವಾಗಲಿಲ್ಲ. ಕಣಿವೆ ಕಾಯಬೇಕಿದ್ದ ಚಿಕ್ಕಪ್ಪ ದಾವೂದ್ ಖಾನ್ ಸ್ಥಳ ಬಿಟ್ಟು ಕಾಳಗಕ್ಕೆ ಧುಮುಕಿದ. ಸುಲ್ತಾನ ಆತನನ್ನು ಕಟುವಾಗಿ ನಿಂದಿಸಿದ. ಆದವಾನಿ ಕೋಟೆಯ ಮುತ್ತಿಗೆ ತಿಂಗಳುಗಟ್ಟಲೆ ನಡೆದೂ ಫಲಿಸಲಿಲ್ಲ. ಕೋಟೆಯೊಳಗೆ ನೀರು ಬತ್ತುವ ಹೊತ್ತಿಗೆ ಮಳೆ ಸುರಿಯಿತು.

ಹಿಂದಿರುಗುವಾಗ ದಂಡನ್ನು ಬಿಟ್ಟು, ಕೆಲವರೊಂದಿಗೆ ಬೇಟೆಯಾಡುತ್ತ ಸುಲ್ತಾನ ಮುದಗಲ್ಲಿನತ್ತ ಹೊರಟ. ಜೊತೆಗಿದ್ದವರಲ್ಲಿ ದಾವೂದನೂ ಮಸೂದನೂ ಇದ್ದರು! ಎಚ್ಚರಿಕೆಯ ಸರದಾರರನ್ನು ಸುಲ್ತಾನನೇ ಹಿಂದಕ್ಕೆ ಕಳುಹಿಸಿದ. ಕೃಷ್ಣೆಯ ದಡದಲ್ಲಿ ಮೀನು ಹಿಡಿಯುತ್ತಿದ್ದಾಗ ಕಣ್ಣುನೋವು ಕಾಣಿಸಿಕೊಂಡಿತು. 1378ರ ಏಪ್ರಿಲ್‌ನ ಆ ರಾತ್ರಿ ಡೇರೆಯಲ್ಲಿ ಮಲಗಿದ್ದವನನ್ನು ದಾವೂದ್ ಕಠಾರಿಯಿಂದ ಇರಿದ. ಗಾಯಗೊಂಡರೂ ಎದ್ದು ಹೋರಾಡಿದವನನ್ನು ಮುಗಿಸಿದವನು ಮುಬಾರಕನ ಮಗ.

ದಾವೂದನ ಆಳ್ವಿಕೆ ಸುಮಾರು ಒಂದು ತಿಂಗಳು ನಡೆಯಿತು. ಮುಜಾಹಿದನ ಸೋದರಿ ರೂಹ್ ಪರ್ವರ್ ಆಗಾ ಹೂಡಿದ ಸಂಚಿನಲ್ಲಿ ಆತ ಕಲಬುರಗಿಯ ಮಸೀದಿಯಲ್ಲಿ ಪ್ರಾರ್ಥನೆಯ ವೇಳೆ ಕೊಲೆಯಾದ. ಕೊಂದವನ ಗೋರಿಯೂ ಕೊಲೆಯಾದವನ ಗೋರಿಯೂ ನಗರದ ಪೂರ್ವಕ್ಕಿರುವ ಹಫ್ತ್ ಗುಂಬಜ್‌ನ ಒಂದೇ ಆವರಣದಲ್ಲಿವೆ.